ಹಳೆಯ ವಾದ್ಯದ ನಿಜವಾದ ಬೆಲೆ



ಮನೆಗೆ ವಸ್ತುವೊಂದನ್ನು ತರುವಾಗ ಯಾವ ವಿವೇಕದಿಂದ ವರ್ತಿಸಬೇಕು ಎಂಬುದನ್ನು ಈ ಅಂಕಣದಲ್ಲಿ ನಾವು ಆಗಾಗ ಬರೆಯುತ್ತ ಬಂದಿದ್ದೇವೆ. ಈ ಬಾರಿ ಎತ್ತಿಕೊಂಡಿರುವ ವಸ್ತು ತುಸು ಅಪರೂಪದ್ದು. ಹಳೆಯ ಸ್ಯಾಕ್ಸೋಫೋನೊಂದು ಮಾರಾಟಕ್ಕೆ ಬಂದರೆ ಅದರ ಸ್ಥಿತಿಯನ್ನು ಹೇಗೆ ತಿಳಿಯಬೇಕು? ಇದು ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಂದು ಕರಾವಳಿಯ ದೇವಾಲಯಗಳ ಉತ್ಸವಗಳಲ್ಲಿ, ಊರೂರಿನ ಮದುವೆ ಮೆರವಣಿಗೆಗಳಲ್ಲಿ, ಸಂಗೀತ ಸಭೆಗಳಲ್ಲಿ ಈ ವಾದ್ಯದ ಧ್ವನಿ ಕೇಳದವರು ವಿರಳ. ಅದನ್ನು ಕಲಿಯಬೇಕೆಂಬ ಹಂಬಲವುಳ್ಳ ಮಕ್ಕಳು ಸಾಮಾನ್ಯ ಮನೆಗಳಲ್ಲಿಯೂ ಇದ್ದಾರೆ. ಹೊಸದನ್ನು ಕೊಳ್ಳಲು ಶಕ್ತಿಯಿಲ್ಲದ ತಂದೆತಾಯಿಗಳು ಹಳೆಯದನ್ನು ಹುಡುಕುವುದು ಸಹಜ. ಅಂಥ ಮನೆಗಳಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ಮೊದಲಿಗೆ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುವುದು ಉಚಿತ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮೂರಿನ ಭಜನಾ ಮಂಡಳಿಯ ತರುಣರು ಮನೆಮನೆಗೆ ತಿರುಗಿ ಹಣ ಕೂಡಿಸಿ, ನಗರದ ವ್ಯಾಪಾರಿಯೊಬ್ಬರಲ್ಲಿದ್ದ ಹಳೆಯ ಸ್ಯಾಕ್ಸೋಫೋನನ್ನು ಕೊಳ್ಳಲು ಹೊರಟರು. ಯೌವನದಲ್ಲಿ ಬ್ಯಾಂಡಿನವರ ಒಡನಾಟದಲ್ಲಿ ಕ್ಲಾರಿಯೋನೆಟ್ ಊದಿ ಅಭ್ಯಾಸವಿದ್ದ ನಮ್ಮನ್ನೂ ಜೊತೆಗೆ ಕರೆದೊಯ್ದರು. ವಾದ್ಯ ಚಿನ್ನದಂತೆ ಹೊಳೆಯುತ್ತಿತ್ತು. ನಾವು ಊದಿ ನೋಡಿದೆವು. ಮೇಲಿನಿಂದ ಕೆಳಗಿನವರೆಗೆ ಸ್ವರಗಳೆಲ್ಲ ಬಂದವು. "ಧೈರ್ಯವಾಗಿ ಕೊಳ್ಳಿ" ಎಂದುಬಿಟ್ಟೆವು. ಊರಿಗೆ ತಂದು ಹಾರ್ಮೋನಿಯಂ ಜೊತೆಗೆ ಕೂಡಿಸಿದಾಗ ಎರಡೂ ಹೊಂದಲಿಲ್ಲ. ಮೌತ್‌ಪೀಸನ್ನು ಎಷ್ಟು ಹೊರಕ್ಕೆಳೆದರೂ ಒಂದು ಸ್ವರ ಸರಿಹೋದರೆ ಇನ್ನೊಂದು ತಪ್ಪುತ್ತಿತ್ತು. ವಾದ್ಯದ ಹಿಂಬದಿಯಲ್ಲಿ ಕ್ರಮಾಂಕದ ಬಳಿ ಕಿರಿದಾಗಿ ಒತ್ತಿದ್ದ ಒಂದು ಅಕ್ಷರವನ್ನು ನಾವು ಗಮನಿಸಿರಲಿಲ್ಲ. ಹತ್ತಾರು ಮನೆಯವರು ಕೂಡಿಸಿದ ಹಣ ನಮ್ಮ ಒಂದು ಮಾತಿನಿಂದ ಪೆಟ್ಟಿಗೆಯೊಳಗೆ ಸುಮ್ಮನೆ ಮಲಗಿತು. ಆ ಅಕ್ಷರದ ವಿಷಯ ಮುಂದೆ ಹೇಳುತ್ತೇವೆ. ಅಂದಿನಿಂದ ಬ್ಯಾಂಡ್ ವಾದ್ಯಗಳ ದುರಸ್ತಿಯಲ್ಲಿ ನುರಿತ ಹಿರಿಯರೊಬ್ಬರ ಅಂಗಡಿಯಲ್ಲಿ ಕುಳಿತು, ಕೇಳಿ, ನೋಡಿ, ಈ ವಿದ್ಯೆಯನ್ನು ಅಷ್ಟಿಷ್ಟು ಕಲಿತೆವು.

ವಾದ್ಯದ ಹಿನ್ನೆಲೆಯನ್ನು ತುಸು ತಿಳಿದಿರುವುದು ಒಳಿತು. ಇದನ್ನು ರೂಪಿಸಿದವನು ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಜನಿಸಿದ ಅಡಾಲ್ಫ್ ಸ್ಯಾಕ್ಸ್. ಪ್ಯಾರಿಸ್ ನಗರದಲ್ಲಿ ನೆಲೆಸಿ 1846ರಲ್ಲಿ ಇದರ ಹಕ್ಕುಪತ್ರವನ್ನು ಪಡೆದನು. ಒಡಲು ಹಿತ್ತಾಳೆಯದಾದರೂ ಧ್ವನಿ ಹುಟ್ಟುವುದು ಬೆತ್ತದಂಥ ಹುಲ್ಲಿನ ದಂಟಿನಿಂದ ಮಾಡಿದ ರೀಡಿನ ಕಂಪನದಿಂದ. ಆದ್ದರಿಂದ ಶಾಸ್ತ್ರಜ್ಞರು ಇದನ್ನು ಕ್ಲಾರಿಯೋನೆಟ್ಟಿನ ಬಳಗಕ್ಕೇ ಸೇರಿಸುತ್ತಾರೆ. ಸೈನ್ಯದ ಬ್ಯಾಂಡುಗಳಿಗೆಂದು ಹುಟ್ಟಿದ ಈ ವಾದ್ಯ ನಮ್ಮ ನಾಡಿನಲ್ಲಿ ಅರಮನೆಯ ಮತ್ತು ಪೊಲೀಸರ ಬ್ಯಾಂಡುಗಳ ಮೂಲಕ ಪರಿಚಿತವಾಯಿತು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಾದಕರ ಮನೆಯಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕಂಡು ಮನಸೋತು, ಕರ್ನಾಟಕ ಸಂಗೀತದ ಗಮಕಗಳನ್ನು ಇದರಲ್ಲಿ ಪಳಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಬಿ.ಬಿ.ಸಿ. ಏರ್ಪಡಿಸಿದ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. 2019ರ ಅಕ್ಟೋಬರ್ 11ರಂದು ನಿಧನರಾದರು. ಇಂದು ನಮ್ಮ ಮಕ್ಕಳು ಈ ವಾದ್ಯಕ್ಕೆ ಆಸೆಪಡುವುದರಲ್ಲಿ ಅವರ ಸಾಧನೆಯ ಪಾಲು ದೊಡ್ಡದು.

ಈಗ ಇತ್ತೀಚಿನ ಪ್ರಸಂಗಕ್ಕೆ ಬರೋಣ. ನಮಗೆ ಪರಿಚಿತರಾದ ಶಾಲಾ ಶಿಕ್ಷಕರೊಬ್ಬರ ಮಗ ಮೂರು ವರ್ಷಗಳಿಂದ ಗುರುಗಳ ವಾದ್ಯದಲ್ಲಿಯೇ ಅಭ್ಯಾಸ ಮಾಡುತ್ತಿದ್ದನು. ಗುರುಗಳು ಊರು ಬಿಡುವವರಿದ್ದುದರಿಂದ ಅವನಿಗೆ ಸ್ವಂತ ವಾದ್ಯ ಬೇಕಾಯಿತು. ಪಕ್ಕದ ಪಟ್ಟಣದಲ್ಲಿ ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ದುಡಿದು ತೀರಿಕೊಂಡವರೊಬ್ಬರ ಮನೆಯಲ್ಲಿ ಸ್ಯಾಕ್ಸೋಫೋನ್ ಇದೆಯೆಂದೂ, ಅವರ ಪತ್ನಿ ಅದನ್ನು ಮಾರುವರೆಂದೂ ತಿಳಿದುಬಂತು. ಶಿಕ್ಷಕರು ಹಣಕ್ಕಾಗಿ ಮಡದಿಯ ಬಳೆಗಳನ್ನು ಒತ್ತೆಯಿಡಲು ಸಿದ್ಧರಾಗಿ ನಮ್ಮ ಬಳಿಗೆ ಬಂದರು. "ತಾವು ಒಮ್ಮೆ ನೋಡಿ ಹೇಳಿದರೆ ನಮಗೆ ಸಮಾಧಾನ" ಎಂದರು. ಹಳೆಯ ತಪ್ಪಿನ ನೆನಪಿದ್ದ ನಮಗೆ ಹಿಂಜರಿಕೆಯಾಯಿತು. ಆದರೂ ಹೊರಟೆವು.

ಆ ತಾಯಿ ಪೆಟ್ಟಿಗೆಯನ್ನು ತಂದು ಜಮಖಾನೆಯ ಮೇಲಿಟ್ಟರು. "ನಮ್ಮ ಯಜಮಾನರು ಇದನ್ನು ಊದಿಯೇ ಮನೆ ನಡೆಸಿದರು. ಗುಜರಿಯವನು ಹಿತ್ತಾಳೆಯ ತೂಕಕ್ಕೆ ಕೇಳಿದ. ನಮ್ಮ ತಮ್ಮನ ಮಗ ಮಾತ್ರ, ಇದರ ಮೇಲೆ 1914 ಅಂತ ಬರೆದಿದೆ, ನೂರು ವರ್ಷದ ವಸ್ತು, ಲಕ್ಷಗಟ್ಟಲೆ ಬಾಳುತ್ತದೆ ಅಂದ. ಯಾವುದು ನಿಜವೋ ನನಗೆ ತಿಳಿಯದು" ಎಂದರು. ಕೊಳ್ಳುವವರು ಕರೆತಂದವರಾದರೂ ಮಾರುವವರ ಋಣವೂ ನಮ್ಮ ಮೇಲೆ ಬಿತ್ತೆಂದು ಆಗ ಅನ್ನಿಸಿತು.

ಪರೀಕ್ಷೆಯ ಮೊದಲ ಹೆಜ್ಜೆ ವಾದ್ಯದ ಗುರುತು. ಬಾಯಿಯ ಅಗಲವಾದ ಭಾಗದ ಮೇಲೆ ತಯಾರಕರ ಹೆಸರು ಕೆತ್ತಿರುತ್ತದೆ, ಹಿಂಬದಿಯಲ್ಲಿ ಕ್ರಮಾಂಕವಿರುತ್ತದೆ. ಹೆಸರೊಂದನ್ನೇ ನೆಚ್ಚಿಕೊಳ್ಳಬಾರದು. ಹಿಂದೆ ದೊಡ್ಡ ಕಾರ್ಖಾನೆಗಳು ಅಂಗಡಿಗಳವರಿಗಾಗಿ ಬೇರೆ ಹೆಸರು ಕೆತ್ತಿ ವಾದ್ಯಗಳನ್ನು ಮಾಡಿಕೊಡುವ ರೂಢಿಯಿತ್ತು. ಅಂಥವುಗಳಲ್ಲಿ ಒಳ್ಳೆಯವೂ ಇವೆ, ಸಾಧಾರಣವಾದವೂ ಇವೆ. ಕ್ರಮಾಂಕವನ್ನು ತಯಾರಕರ ಪಟ್ಟಿಯೊಂದಿಗೆ ತಾಳೆ ನೋಡಿದರೆ ತಯಾರಾದ ಕಾಲ ಅಂದಾಜಾಗಿ ತಿಳಿಯುತ್ತದೆ. ಆ ತಾಯಿಯ ಮನೆಯಲ್ಲಿದ್ದುದು ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಕಾನ್ ಕಾರ್ಖಾನೆಯ ಆಲ್ಟೋ ಸ್ಯಾಕ್ಸೋಫೋನ್. ಅದರ ಹಿಂಬದಿಯಲ್ಲಿ 1914ರ ಡಿಸೆಂಬರ್ 8 ಎಂಬ ದಿನಾಂಕ ನಿಜವಾಗಿಯೂ ಇತ್ತು. ಆದರೆ ಅದು ವಾದ್ಯ ಹುಟ್ಟಿದ ದಿನವಲ್ಲ. ಒಡಲಿನ ಲೋಹವನ್ನೇ ಹೊರಕ್ಕೆಳೆದು ಸ್ವರರಂಧ್ರಗಳ ಅಂಚನ್ನು ರೂಪಿಸುವ ವಿಧಾನಕ್ಕೆ ಅಂದು ಅಮೆರಿಕದಲ್ಲಿ ದೊರೆತ ಹಕ್ಕುಪತ್ರದ ದಿನಾಂಕವದು. ಕಾನ್ ಸಂಸ್ಥೆಯವರು ಅನಂತರದ ಹಲವು ವರ್ಷಗಳ ವಾದ್ಯಗಳ ಮೇಲೆಲ್ಲ ಅದನ್ನೇ ಒತ್ತುತ್ತಿದ್ದರು. ಅದರ ಕೆಳಗಿನ ಕ್ರಮಾಂಕವನ್ನು ತಾಳೆ ನೋಡಿದಾಗ ವಾದ್ಯ 1920ರ ದಶಕದ್ದೆಂದು ತಿಳಿಯಿತು. ಹಳೆಯದೇ ಸರಿ. ಆದರೆ ಆ ದಶಕದಲ್ಲಿ ಅಮೆರಿಕದಲ್ಲಿ ಈ ವಾದ್ಯದ ಹುಚ್ಚು ಬಹಳವಾಗಿದ್ದು, ಅಪಾರ ಸಂಖ್ಯೆಯಲ್ಲಿ ತಯಾರಾದವು. ಹಳೆಯದಾದ ಮಾತ್ರಕ್ಕೆ ದುರ್ಲಭವಾಗುವುದಿಲ್ಲ.

ಎರಡನೆಯದು ಜಾತಿ ಮತ್ತು ಶ್ರುತಿ. ಆಲ್ಟೋ ವಾದ್ಯ ಇ-ಫ್ಲ್ಯಾಟ್ ಶ್ರುತಿಯದು, ಟೆನರ್ ಬಿ-ಫ್ಲ್ಯಾಟ್ ಶ್ರುತಿಯದು. ಇವೆರಡರ ನಡುವಿನ ಗಾತ್ರದಲ್ಲಿ ಸಿ-ಮೆಲೊಡಿ ಎಂಬ ಇನ್ನೊಂದು ಬಗೆ ಇದೆ. ಮನೆಗಳಲ್ಲಿ ಪಿಯಾನೋ ಜೊತೆ ನುಡಿಸಲೆಂದು 1920ರ ದಶಕದಲ್ಲಿ ಬಹಳವಾಗಿ ಮಾರಾಟವಾಗಿ, ಆ ದಶಕ ಮುಗಿಯುವ ಹೊತ್ತಿಗೆ ತೆರೆಮರೆಗೆ ಸರಿಯಿತು. ತಿಳಿಯದವರು ಇದನ್ನು ಆಲ್ಟೋ ಎಂದೋ ಟೆನರ್ ಎಂದೋ ಮಾರುವುದುಂಟು. ಕೆಟ್ಟ ವಾದ್ಯವಲ್ಲ, ಆದರೆ ಬ್ಯಾಂಡಿಗಾಗಿ ಕೊಳ್ಳುವವನಿಗೆ ಅದು ಉಪಯೋಗಕ್ಕೆ ಬಾರದು.

ಇನ್ನು ನಮ್ಮನ್ನು ಮೋಸಗೊಳಿಸಿದ ಅಕ್ಷರದ ವಿಷಯ. ಅಮೆರಿಕದ ಹಳೆಯ ವಾದ್ಯಗಳ ಕ್ರಮಾಂಕದ ಬಳಿ ಎಲ್ ಅಥವಾ ಎಚ್ ಎಂಬ ಅಕ್ಷರವನ್ನೋ, ಅವುಗಳ ಪೂರ್ಣ ಪದಗಳನ್ನೋ ಒತ್ತಿರುವುದುಂಟು. ಎಲ್ ಎಂದರೆ ಕೆಳಶ್ರುತಿ: ಇಂದು ಎಲ್ಲೆಡೆ ರೂಢಿಯಲ್ಲಿರುವ, ಸೆಕೆಂಡಿಗೆ 440 ಕಂಪನಗಳ ಮಟ್ಟ. ಎಚ್ ಎಂದರೆ ಮೇಲ್‌ಶ್ರುತಿ: ಸುಮಾರು 457 ಕಂಪನಗಳ ಮಟ್ಟ. ಹಾರ್ಮೋನಿಯಂನಲ್ಲಿ ಒಂದು ಮನೆಗೂ ಪಕ್ಕದ ಮನೆಗೂ ಇರುವ ಅಂತರದ ಮೂರರಲ್ಲಿ ಎರಡು ಪಾಲಿನಷ್ಟು ಇದು ಮೇಲಕ್ಕಿರುತ್ತದೆ. ಬ್ರಿಟಿಷ್ ಸೇನೆಯ ಬ್ಯಾಂಡುಗಳಲ್ಲಿಯೂ 1920ರ ದಶಕದ ಕೊನೆಯವರೆಗೆ, ಇದಕ್ಕಿಂತ ತುಸು ಕಡಿಮೆಯಾದರೂ, ಮೇಲ್‌ಶ್ರುತಿಯೇ ನಡೆದಿತ್ತು. ಮೇಲ್‌ಶ್ರುತಿಯ ವಾದ್ಯದಲ್ಲಿ ಒಡಲಿನ ಉದ್ದ ಮತ್ತು ರಂಧ್ರಗಳ ಅಂತರಗಳೇ ಕಿರಿದು. ಆದ್ದರಿಂದ ಮೌತ್‌ಪೀಸನ್ನು ಹೊರಕ್ಕೆಳೆದು ಶ್ರುತಿಯನ್ನು ತಗ್ಗಿಸಹೊರಟರೆ ಮೇಲಿನ ರಂಧ್ರಗಳ ಸ್ವರ ಬಹಳ ತಗ್ಗುತ್ತದೆ, ಕೆಳಗಿನವುಗಳದು ಅಷ್ಟು ತಗ್ಗುವುದಿಲ್ಲ; ಸ್ವರಗಳ ಪರಸ್ಪರ ಹೊಂದಿಕೆಯೇ ಕೆಡುತ್ತದೆ. ಯಾವ ದುರಸ್ತಿಯಿಂದಲೂ ಇದನ್ನು ಸರಿಪಡಿಸಲಾಗದು. ಒಂಟಿಯಾಗಿ ನುಡಿಸುವವರು ವಿದ್ಯುತ್ ತಂಬೂರಿಯ ಶ್ರುತಿಯನ್ನೇ ವಾದ್ಯಕ್ಕೆ ತಕ್ಕಂತೆ ಏರಿಸಿಕೊಂಡು ಸಾಧನೆ ಮಾಡಬಹುದು. ಇತರ ವಾದ್ಯಗಳೊಡನೆ ಸೇರಲು ಮಾತ್ರ ಬಾರದು. ಊದಿ ನೋಡಿದ ಮಾತ್ರಕ್ಕೆ ಇದು ತಿಳಿಯದು. ಇಂದು ಶ್ರುತಿಯನ್ನು ಅಳೆದು ತೋರಿಸುವ ಸೌಲಭ್ಯ ಮೊಬೈಲ್ ಫೋನಿನಲ್ಲಿಯೇ ದೊರೆಯುತ್ತದೆ; ಅದನ್ನು ಎದುರಿಗಿಟ್ಟುಕೊಂಡೇ ನುಡಿಸಿ ನೋಡಬೇಕು. ಆ ತಾಯಿಯ ವಾದ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಪ್ಪುಗಟ್ಟಿದ ಭಾಗವನ್ನು ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿದೆವು. ಎಲ್ ಎಂದಿತ್ತು. ಹುಡುಗನಿಗಿಂತ ಮೊದಲು ನಾವೇ ನಿಟ್ಟುಸಿರು ಬಿಟ್ಟೆವು.

ಮೂರನೆಯದು ಒಡಲು. ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಂದೂಕಿನ ನಳಿಗೆಯನ್ನು ನೋಡುವಂತೆ ಉದ್ದಕ್ಕೆ ದೃಷ್ಟಿ ಹಾಯಿಸಬೇಕು. ಒಡಲು ಬಾಗಿದ್ದರೆ ಸರಳುಗಳು ಬಿಗಿಯಾಗುತ್ತವೆ, ರಂಧ್ರಗಳು ಓರೆಯಾಗುತ್ತವೆ. ತಳದ ಬಾಗಿನಲ್ಲಿರುವ ಸಣ್ಣ ನೆಗ್ಗುಗಳಿಗೆ ಹೆದರಬೇಕಾಗಿಲ್ಲ. ನೆಲಕ್ಕೆ ತಾಗುವ ಭಾಗವದು. ಆದರೆ ಕೊಳವೆ ಕಿರಿದಾಗಿರುವ ಮೇಲ್ಭಾಗದಲ್ಲಿ ಸಣ್ಣ ನೆಗ್ಗೂ ಸ್ವರವನ್ನು ಕೆಡಿಸುತ್ತದೆ. ಒಡಲಿಗೂ ಬಾಯಿಗೂ ನಡುವಿನ ಆಸರೆಯ ಬುಡದಲ್ಲಿ ಲೋಹ ಒಳಕ್ಕೆ ಕುಸಿದಿದ್ದರೆ ವಾದ್ಯ ಒಮ್ಮೆ ಜೋರಾಗಿ ಬಿದ್ದಿದೆಯೆಂದೇ ತಿಳಿಯಬೇಕು. ಕೊರಳನ್ನು ಪಕ್ಕದಿಂದ ನೋಡಬೇಕು. ಮೌತ್‌ಪೀಸನ್ನು ಒರಟಾಗಿ ತುರುಕುವವರ ಕೈಯಲ್ಲಿ ಕೊರಳು ಕೆಳಕ್ಕೆ ಜಗ್ಗಿ, ದುಂಡಗಿರಬೇಕಾದ ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕೊರಳು ಒಡಲಿನೊಳಗೆ ಕೂರುವ ಜಾಗದಲ್ಲಿ ಸ್ಕ್ರೂ ಬಿಗಿದ ಮೇಲೂ ಅಲುಗಾಡಿದರೆ ಗಾಳಿ ಸೋರುತ್ತದೆ. ಆ ಕಾಲದ ಕಾನ್ ವಾದ್ಯಗಳಲ್ಲಿ ಸ್ವರರಂಧ್ರಗಳ ಅಂಚು ಹೊರಕ್ಕೆ ಸುರುಳಿಯಂತೆ ಮಡಿದಿರುತ್ತದೆ. ಅದನ್ನು ಸಮತಟ್ಟು ಮಾಡಲೆಂದು ಯಾರಾದರೂ ಅರ ಹಿಡಿದು ಉಜ್ಜಿದ್ದರೆ ಹಾನಿ ದೊಡ್ಡದು. ಪ್ರತಿಯೊಂದು ಅಂಚನ್ನೂ ಬೆರಳಿನಿಂದ ಸವರಿ ನೋಡಬೇಕು.

ನಾಲ್ಕನೆಯದು ಮೇಲ್ಮೈ. ಇಲ್ಲಿಯೇ ಹೆಚ್ಚಿನವರು ಎಡವುವುದು, ನಾವು ಎಡವಿದಂತೆ. ಹಳೆಯ ವಾದ್ಯ ಹೊಸದರಂತೆ ಹೊಳೆದರೆ ಸಂತೋಷಪಡುವ ಮೊದಲು ಸಂಶಯಪಡಬೇಕು. ಮರುಲೇಪ ಮಾಡುವಾಗ ಯಂತ್ರದಿಂದ ಉಜ್ಜಿ ಲೋಹವನ್ನು ಸವೆಸಿರುತ್ತಾರೆ. ಕೆತ್ತನೆಯ ಗೆರೆಗಳು ಮಸುಕಾಗಿದ್ದರೆ, ಕ್ರಮಾಂಕದ ಅಂಕಿಗಳ ಅಂಚು ಕರಗಿದಂತಿದ್ದರೆ, ಲೇಪ ಸ್ಕ್ರೂಗಳ ತಲೆಯ ಮೇಲೂ ಹರಿದಿದ್ದರೆ ಅದು ಮರುಲೇಪವೇ. ಅದರಿಂದ ವಾದ್ಯ ನುಡಿಯದೇ ಹೋಗುವುದಿಲ್ಲ. ಆದರೆ ಬೆಲೆ ಇಳಿಯಬೇಕು, ಹೊಳಪಿನಡಿ ಅಡಗಿಸಿದ ಬೆಸುಗೆಗಳನ್ನೂ ಹುಡುಕಬೇಕು. ಇದಕ್ಕೆ ವಿರುದ್ಧವಾಗಿ, 1920ರ ದಶಕದ ಅನೇಕ ವಾದ್ಯಗಳಿಗೆ ಬೆಳ್ಳಿಯ ಲೇಪವಿರುತ್ತಿತ್ತು. ಅದು ಕಾಲಕ್ರಮದಲ್ಲಿ ಕಪ್ಪಾಗುತ್ತದೆ. ಮನೆಯ ಬೆಳ್ಳಿಯ ತಟ್ಟೆ ಕಪ್ಪಾದಂತೆಯೇ ಇದೂ, ರೋಗವಲ್ಲ. ನಿಜವಾದ ರೋಗ ಬೇರೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣವಷ್ಟೆ. ಉಗುಳಿನ ತೇವದಿಂದ ಸತು ಕರಗಿಹೋಗಿ ತಾಮ್ರ ಮಾತ್ರ ಉಳಿದ ಕಡೆ ಗುಲಾಬಿ ಬಣ್ಣದ ಚುಕ್ಕೆಗಳೇಳುತ್ತವೆ. ಒಡಲಿನ ಮೇಲೆ ಒಂದೆರಡಿದ್ದರೆ ಚಿಂತೆಯಿಲ್ಲ. ತೆಳುವಾದ ಕೊರಳಿನಲ್ಲಿ ಬಹಳವಿದ್ದರೆ ಮುಂದೊಂದು ದಿನ ತೂತು ಬೀಳಬಹುದು.

ಆ ತಾಯಿಯ ವಾದ್ಯ ಪೂರ್ತಿ ಕಪ್ಪಾಗಿತ್ತು. ಅದನ್ನು ನೋಡಿ ಶಿಕ್ಷಕರ ಮುಖ ಬಾಡಿತ್ತು. ಆದರೆ ಕೆತ್ತನೆಯ ಒಂದೊಂದು ಗೆರೆಯೂ ಚೂಪಾಗಿತ್ತು, ಒಡಲು ನೇರವಾಗಿತ್ತು. ಬಲಗೈ ಹೆಬ್ಬೆರಳು ತಾಗುವ ಕಡೆ ಮಾತ್ರ ಲೇಪ ಪೂರ್ತಿ ಸವೆದು ಹಿತ್ತಾಳೆ ಕಾಣುತ್ತಿತ್ತು. ಕೊರಳು ತುಸು ಜಗ್ಗಿತ್ತು. ಅದನ್ನು ಲೆಕ್ಕಕ್ಕೆ ಬರೆದುಕೊಂಡೆವು.

ಐದನೆಯದು ಕೀಗಳ ವ್ಯವಸ್ಥೆ. ಪ್ರತಿಯೊಂದು ಕೀಯನ್ನೂ ಹಿಡಿದು ಸರಳಿನ ಉದ್ದಕ್ಕೆ ಮೆಲ್ಲಗೆ ಅಲ್ಲಾಡಿಸಬೇಕು. ಹೆಚ್ಚು ಆಡಿದರೆ ಸವೆದಿದೆ ಎಂದರ್ಥ. ಒತ್ತಿ ಬಿಟ್ಟಾಗ ಕೀ ತಕ್ಷಣ ಮೇಲೇಳಬೇಕು. ಉಕ್ಕಿನ ಸೂಜಿಯಂಥ ಸ್ಪ್ರಿಂಗುಗಳು ತುಕ್ಕು ಹಿಡಿದಿದ್ದರೆ ಯಾವಾಗ ಬೇಕಾದರೂ ಮುರಿಯುತ್ತವೆ. ಬ್ಯಾಂಡಿನವರು ಅವಸರದಲ್ಲಿ ಮುರಿದ ಸ್ಪ್ರಿಂಗಿನ ಜಾಗದಲ್ಲಿ ರಬ್ಬರ್ ಬ್ಯಾಂಡ್ ಕಟ್ಟಿರುವುದುಂಟು, ಅವುಗಳನ್ನು ಎಣಿಸಬೇಕು. ಇಲ್ಲಿ ಎರಡು ಇದ್ದವು. ಸ್ಕ್ರೂಗಳು ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಬಲಪ್ರಯೋಗ ಮಾಡಬಾರದು. ಅದು ದುರಸ್ತಿಗಾರರ ಕೆಲಸ.

ಆರನೆಯದು ಪ್ಯಾಡುಗಳು. ರಂಧ್ರಗಳನ್ನು ಮುಚ್ಚುವ ಈ ಮೆತ್ತೆಗಳು ರಟ್ಟು ಮತ್ತು ಉಣ್ಣೆಯ ಫೆಲ್ಟಿನ ಮೇಲೆ ತೆಳುವಾದ ತೊಗಲು ಹೊದಿಸಿದವು. ಒಂದು ವಾದ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಇರುತ್ತವೆ. ಮಳೆಗಾಲದ ತೇವಕ್ಕೆ ಉಬ್ಬುತ್ತವೆ, ಬೇಸಿಗೆಗೆ ಬಿರಿಯುತ್ತವೆ, ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಹುಳು ತಿನ್ನುತ್ತದೆ. ಕತ್ತಲ ಕೋಣೆಯಲ್ಲಿ ತಂತಿಯ ತುದಿಗೆ ಕಟ್ಟಿದ ಚಿಕ್ಕ ಬಲ್ಬನ್ನು ಒಡಲೊಳಗೆ ಇಳಿಬಿಟ್ಟು ಕೀಗಳನ್ನು ಹಗುರವಾಗಿ ಮುಚ್ಚಬೇಕು. ಪ್ಯಾಡಿನ ಸುತ್ತ ಎಲ್ಲಿಯೂ ಬೆಳಕು ಇಣುಕಬಾರದು. ಗಟ್ಟಿಯಾಗಿ ಒತ್ತಿದರೆ ಸೋರಿಕೆ ಮರೆಯಾಗುತ್ತದೆ. ಆದ್ದರಿಂದ ಕೈ ಹಗುರವಾಗಿರುವುದು ಮುಖ್ಯ. ಒಂದು ಕೀ ಒತ್ತಿದಾಗ ಎರಡು ಪ್ಯಾಡುಗಳು ಮುಚ್ಚಬೇಕಾದ ಕಡೆ ಎರಡೂ ಒಟ್ಟಿಗೇ ಮುಚ್ಚಬೇಕು. ಬಲ್ಬು ಸಿಗದಿದ್ದರೆ ತೆಳುವಾದ ಕಾಗದದ ಪಟ್ಟಿಯನ್ನು ಪ್ಯಾಡಿನಡಿ ಇಟ್ಟು ಕೀ ಮುಚ್ಚಿ ಎಳೆದು ನೋಡಬೇಕು. ಸುತ್ತಲೂ ಒಂದೇ ಬಿಗಿ ಸಿಗಬೇಕು. ಇಲ್ಲಿ ಮಾತ್ರ ಫಲಿತಾಂಶ ನಿರಾಶಾದಾಯಕವಾಗಿತ್ತು. ದೀಪಾವಳಿಯ ಆಕಾಶಬುಟ್ಟಿಯಂತೆ ಎಲ್ಲ ಕಡೆಯಿಂದಲೂ ಬೆಳಕು ಹೊರಬಂತು. ಎಲ್ಲ ಪ್ಯಾಡುಗಳನ್ನೂ ಬದಲಿಸಲೇಬೇಕಾಗಿತ್ತು. ಹಳೆಯ ವಾದ್ಯದ ದುರಸ್ತಿಯಲ್ಲಿ ಅತಿ ದೊಡ್ಡ ಖರ್ಚು ಇದೇ.

ಏಳನೆಯದು ನುಡಿಸಿ ನೋಡುವುದು. ತಮಗೆ ಪರಿಚಿತವಾದ ಮೌತ್‌ಪೀಸನ್ನು ಜೊತೆಗೆ ಒಯ್ಯಬೇಕು. ಇಲ್ಲವಾದರೆ ದೋಷ ವಾದ್ಯದ್ದೋ ಮೌತ್‌ಪೀಸಿನದ್ದೋ ತಿಳಿಯುವುದಿಲ್ಲ. ಮೇಲಿನ ಸ್ವರದಿಂದ ಒಂದೊಂದೇ ಕೆಳಗಿಳಿಯಬೇಕು. ಯಾವ ಸ್ವರದಿಂದ ಮುಂದೆ ಧ್ವನಿ ನಡುಗಲು ತೊಡಗುತ್ತದೆಯೋ ಆ ಸ್ವರದ ಆಸುಪಾಸಿನಲ್ಲಿ ಸೋರಿಕೆಯಿರುತ್ತದೆ. ಅತ್ಯಂತ ಕೆಳಗಿನ ಸ್ವರವನ್ನು ಮೆಲ್ಲನೆ ಊದಿದರೂ ಬಂದರೆ ವಾದ್ಯ ಆರೋಗ್ಯವಾಗಿದೆಯೆಂದು ನಂಬಬಹುದು. ಸ್ಥಾಯಿ ಬದಲಿಸುವ ಆಕ್ಟೇವ್ ಕೀ ಒತ್ತಿಕೊಂಡೇ ಜಿ ಸ್ವರದಿಂದ ಎ ಸ್ವರಕ್ಕೆ ಹಲವು ಬಾರಿ ಹೋಗಿಬರಬೇಕು. ಒಡಲಿನ ಮೇಲಿನ ಕಿರುರಂಧ್ರ ಮುಚ್ಚಿ ಕೊರಳಿನದು ತೆರೆಯುವ ವ್ಯವಸ್ಥೆ ಸರಿಯಿದೆಯೇ ಎಂಬುದು ಆಗ ತಿಳಿಯುತ್ತದೆ. ಹುಡುಗ ತನ್ನ ಮೌತ್‌ಪೀಸ್ ಹಾಕಿ ನುಡಿಸಿದನು. ಕೆಳಗಿನ ಸ್ವರಗಳು ಬರಲೇ ಇಲ್ಲ. ಮೇಲಿನ ಐದಾರು ಸ್ವರಗಳು ಮಾತ್ರ ಬಂದವು. ಆದರೆ ಅವು ಶ್ರುತಿಯಲ್ಲಿದ್ದವು, ಧ್ವನಿಯಲ್ಲಿ ತುಂಬುತನವಿತ್ತು. ಒಳಮನೆಯಲ್ಲಿದ್ದ ಆ ತಾಯಿ ಹೊರಬಂದು ಬಾಗಿಲ ಬಳಿ ನಿಂತರು.

ಇನ್ನು ಬೆಲೆ. ಇದಕ್ಕೆ ನಮ್ಮ ಹಿರಿಯ ದುರಸ್ತಿಗಾರರು ಕಲಿಸಿದ ಲೆಕ್ಕ ಸರಳವಾದುದು. ಇದೇ ಬಗೆಯ, ಇದೇ ಕಾಲದ ವಾದ್ಯ ಸುಸ್ಥಿತಿಯಲ್ಲಿದ್ದರೆ ಎಷ್ಟಕ್ಕೆ ಹೋಗುತ್ತದೆಂದು ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ವಿಚಾರಿಸಬೇಕು. ದುರಸ್ತಿಗೆ ತಗಲುವ ವೆಚ್ಚವನ್ನು ದುರಸ್ತಿಗಾರರಿಂದಲೇ ಬರೆಸಿಕೊಳ್ಳಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ನ್ಯಾಯವಾದ ಬೆಲೆ. ದುರಸ್ತಿಯ ವೆಚ್ಚವೇ ಮೊದಲ ಮೊತ್ತವನ್ನು ಮುಟ್ಟಿದರೆ ಆ ವಾದ್ಯವನ್ನು ಉಚಿತವಾಗಿ ಕೊಟ್ಟರೂ ತರಬಾರದು. ಬೆಲೆ ಹೇಳುವ ಮುನ್ನ ಕೈಗೆಟುಕುವ ಊರಿನಲ್ಲಿ ಬಲ್ಲ ದುರಸ್ತಿಗಾರರಿದ್ದಾರೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ನಾವು ಅಂದೇ ಬೆಲೆ ಹೇಳಲಿಲ್ಲ. ಒಂದು ಹಾಳೆಯಲ್ಲಿ ಗುಣಗಳನ್ನೂ ದೋಷಗಳನ್ನೂ ಸಾಲಾಗಿ ಬರೆದು, ಪ್ರತಿಯೊಂದನ್ನು ಶಿಕ್ಷಕರಿಗೂ ಆ ತಾಯಿಗೂ ಕೊಟ್ಟೆವು. ಇಬ್ಬರೂ ಕುಳಿತಿದ್ದಾಗಲೇ ಹೇಳಿದೆವು: "ತಾಯಿ, 1914 ಎಂಬುದು ಹಕ್ಕುಪತ್ರದ ದಿನಾಂಕ, ಲಕ್ಷಗಳ ಆಸೆ ಬೇಡ. ಆದರೆ ಎರಡೂವರೆ ಕಿಲೋ ಹಿತ್ತಾಳೆಯೆಂದು ಕೇಳಿದವನಿಗೂ ಕೊಡಬೇಡಿ. ನಿಮ್ಮ ಯಜಮಾನರು ಇದನ್ನು ಬೀಳಿಸದೆ, ಬಾಗಿಸದೆ ಕಾಪಾಡಿಕೊಂಡಿದ್ದಾರೆ. ಸವೆದಿರುವುದೆಲ್ಲ ದುಡಿದು ಸವೆದದ್ದು. ಮೇಷ್ಟ್ರು ಕೊಳ್ಳದಿದ್ದರೂ ಈ ಹಾಳೆಯನ್ನು ಇಟ್ಟುಕೊಳ್ಳಿ. ಬೇರೆಯವರು ಬಂದರೆ ತೋರಿಸಿ." ಶಿಕ್ಷಕರಿಗೆ ಈ ಮಾತು ಮೊದಲು ಸ್ವಲ್ಪ ಇರುಸುಮುರುಸಾಯಿತೆಂಬುದನ್ನು ಮರೆಮಾಚುವುದಿಲ್ಲ. ತಮ್ಮ ಕಡೆಯಿಂದ ಬಂದವರು ಕಪ್ಪು ಬಣ್ಣವನ್ನೂ ಸತ್ತ ಪ್ಯಾಡುಗಳನ್ನೂ ಎತ್ತಿ ತೋರಿಸಿ ಬೆಲೆ ಇಳಿಸಬಹುದಿತ್ತೆಂದು ಯಾರಿಗಾದರೂ ಅನ್ನಿಸುವುದು ಸಹಜ. ಬಳೆಗಳು ಅವರ ಮನೆಯವು. ಬಸ್ಸಿನಲ್ಲಿ ಹಿಂದಿರುಗುವಾಗ ಬಹಳ ಹೊತ್ತು ಮಾತನಾಡದೆ ಇದ್ದ ಅವರು ಕೊನೆಗೆ, "ನೀವು ಹೇಳಿದ್ದೇ ಸರಿ. ಆ ಮನೆಯ ಅನ್ನ ಹುಟ್ಟಿಸಿದ ವಾದ್ಯವನ್ನು ಗುಜರಿಯ ಬೆಲೆಗೆ ತಂದು ನನ್ನ ಮಗ ಹೇಗೆ ನುಡಿಸಿಯಾನು?" ಎಂದರು.

ಹದಿನೈದು ದಿನಗಳಲ್ಲಿ ವಿಚಾರಣೆ ಮುಗಿಯಿತು. ದುರಸ್ತಿಯ ವೆಚ್ಚವನ್ನು ಕಳೆದು ನಿಂತ ಬೆಲೆ ಗುಜರಿಯವನ ಮಾತಿಗಿಂತ ಹಲವು ಪಟ್ಟು ಹೆಚ್ಚಿತ್ತು. ತಮ್ಮನ ಮಗನ ಲಕ್ಷಗಳಿಗಿಂತ ಬಹಳ ಕಡಿಮೆಯಿತ್ತು. ಇಬ್ಬರೂ ಒಪ್ಪಿದರು. ನಾಲ್ಕು ಬಳೆಗಳನ್ನು ಒತ್ತೆಯಿಡಲು ಹೊರಟವರಿಗೆ ಎರಡು ಸಾಕಾದವು. ಪೆಟ್ಟಿಗೆಯನ್ನು ಒಪ್ಪಿಸುವಾಗ ಆ ತಾಯಿ ಕೇಳಿದ್ದು ಒಂದನ್ನೇ: "ಹಳೆಯ ಮೌತ್‌ಪೀಸನ್ನು ನಾನೇ ಇಟ್ಟುಕೊಳ್ಳಲೇ? ಅದರ ಮೇಲೆ ಅವರ ಹಲ್ಲಿನ ಗುರುತಿದೆ." ಹುಡುಗ ಅದನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ಎರಡೂ ಕೈಗಳಿಂದ ಅವರಿಗೆ ಕೊಟ್ಟನು. ಅವನಿಗೆ ತನ್ನದೇ ಇತ್ತು.

ಮಾರುವ ಮನೆಯವರಿಗೂ ಎರಡು ಮಾತು ಹೇಳುವುದಿದೆ. ಮಾರುವ ಮುನ್ನ ಹುಣಸೆಹಣ್ಣು, ಬೂದಿ, ಮರಳು ಹಾಕಿ ತಿಕ್ಕಿ ಹೊಳಪು ಬರಿಸಲು ಹೋಗಬೇಡಿ. ಲೇಪವೂ ಕೆತ್ತನೆಯೂ ಹಾಳಾಗಿ ಬೆಲೆ ಇಳಿಯುತ್ತದೆ. ಅಂಟಿಕೊಂಡ ಕೊರಳನ್ನು ಇಕ್ಕಳ ಹಿಡಿದು ತಿರುಚಬೇಡಿ. ಪೆಟ್ಟಿಗೆ, ಸಣ್ಣ ಸ್ಕ್ರೂ, ಹಳೆಯ ರಸೀದಿ ಏನೇ ಇದ್ದರೂ ಜೊತೆಗಿಡಿ. ತಿಳಿದ ದೋಷವನ್ನು ಮೊದಲೇ ಹೇಳಿಬಿಡಿ. ದೋಷ ತಿಳಿದು ಕೊಂಡವನು ಮರಳಿ ಬಂದು ಜಗಳವಾಡುವುದಿಲ್ಲ.

ಭಜನಾ ಮಂಡಳಿಯ ಆ ಮೇಲ್‌ಶ್ರುತಿಯ ವಾದ್ಯ ಇಂದಿಗೂ ಪೆಟ್ಟಿಗೆಯಲ್ಲಿದೆ. ಈಚೆಗೆ ಅದನ್ನು ಒಂಟಿಯಾಗಿ ತಂಬೂರಿಯೊಡನೆ ನುಡಿಸಲು ಬಯಸಿದ ತರುಣನೊಬ್ಬ ಕೇಳಿಕೊಂಡು ಬಂದಿದ್ದನು. ನಾವು ಮೊದಲು ತೋರಿಸಿದ್ದು ಕ್ರಮಾಂಕದ ಬಳಿಯ ಆ ಅಕ್ಷರವನ್ನೇ. ಆಮೇಲೆಯೇ ಉಳಿದ ಮಾತು.

ಎಲ್ಲರಿಗೂ ಒಳಿತಾಗಲಿ.